ಪಾಲು ಯಾಕೆ ಹಾಲಾಗಲಿಲ್ಲ?

ಯುಗಾದಿಯ ಮಾರನೇ ದಿನ ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಯ ಹಳ್ಳಿಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಕತ್ತಿ ಮಸೆಯುವ ಸದ್ದು ಕೇಳುತ್ತದೆ. ಅಂದು ಹೊಸತೊಡಕು. ಐದಾರು ಮನೆಯವರು, ಕೆಲವು ಕಡೆ ಹತ್ತಿಪ್ಪತ್ತು ಮನೆಯವರು, ದುಡ್ಡು ಕೂಡಿಹಾಕಿ ಕುರಿಯನ್ನೋ ಆಡನ್ನೋ ತಂದಿರುತ್ತಾರೆ. ಈ ಒಂದು ದಿನಕ್ಕೆಂದೇ ವರ್ಷವಿಡೀ ಚೀಟಿ ಕಟ್ಟಿದವರೂ ಉಂಟು. ಕೊಯ್ದ ಮಾಂಸವನ್ನು ಟಾರ್ಪಾಲಿನ ಮೇಲೋ ಬಾಳೆಲೆಯ ಮೇಲೋ ಸಾಲಾಗಿ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಮೂಳೆ, ಒಂದು ಚೂರು ಲಿವರ್, ಒಂದು ಹಿಡಿ ಬೋಟಿ. ಯಾವ ಗುಡ್ಡೆ ಯಾರಿಗೆ ಹೋದರೂ ತಕರಾರು ಬರಬಾರದು, ಹಾಗೆ ಹಾಕುವವನೇ ಕೈಪಳಗಿದವನು. ‘ನಮ್ದೊಂದು ಗುಡ್ಡೆ ಇರ್ಲಿ ಕಣಣ್ಣ’ ಎಂದರೆ ನಮಗೊಂದು ಪಾಲು ಇರಲಿ ಎಂದೇ ಅರ್ಥ.

ಅದೇ ಜನ ಹೊಲದ ಮಾತಿಗೆ ಬಂದರೆ ‘ವಾರಕ್ಕೆ ಕೊಟ್ಟಿದೀನಿ’ ಎನ್ನುತ್ತಾರೆ. ಅಣ್ಣತಮ್ಮಂದಿರು ಬೇರೆಯಾದರೆ ‘ಭಾಗ ಆದ್ರು’. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದರೆ ಹಿಸ್ಸೆ, ಪೋಡಿ, ಪಾಲುಪಾರೀಕತ್ತು. ಹಾಲಿನ ಡೇರಿಯಲ್ಲಿ ಬಟವಾಡೆ. ಮಳವಳ್ಳಿಗೆ ಹೊರಟ ಆಟೋದಲ್ಲಿ ಶೇರು. ಹಂಚಿಕೊಳ್ಳುವುದೆಂಬ ಒಂದೇ ಕೆಲಸಕ್ಕೆ ಇಷ್ಟು ಮಾತುಗಳು, ಬೇರೆ ಬೇರೆ ದಾರಿಯಲ್ಲಿ ಬಂದವು. ಇವುಗಳ ಮೂಲ ಯಾವುದು ಎಂಬ ವಿಚಾರದಲ್ಲಿ ಇನ್ನೂರು ವರ್ಷಗಳಿಂದ ವಿದ್ವಾಂಸರ ವಾದ ನಡೆದೇ ಇದೆ. ಆ ವಾದದ ನಡುವೆ ಒಂದು ಚಿಕ್ಕ ಒಗಟೂ ಇದೆ. ಹಳಗನ್ನಡದಲ್ಲಿ ಪಾಲ್ ಎಂಬ ರೂಪ ಎರಡು ಅರ್ಥಕ್ಕೆ ನಿಂತಿತ್ತು. ಹಸು ಕೊಡುವ ಪಾಲ್ ಹಾಲಾಯಿತು. ಭಾಗವೆಂಬ ಪಾಲ್ ಮಾತ್ರ ಇಂದಿಗೂ ಪಾಲಾಗಿಯೇ ಉಳಿದಿದೆ. ಯಾಕೆ?

ವ್ಯಾಕರಣಕಾರರಿಂದ ಕಿಟೆಲ್‌ವರೆಗೆ

ಕನ್ನಡ ಪದಗಳಿಗೆ ವಂಶಾವಳಿ ಹುಡುಕುವ ಕೆಲಸ ಮೊದಲು ವ್ಯಾಕರಣಕಾರರ ಪಾಲಿಗೆ ಬಂತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದಗಳು ಕನ್ನಡದ ಬಾಯಲ್ಲಿ ಹೇಗೆ ರೂಪ ಬದಲಿಸುತ್ತವೆ ಎಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ತತ್ಸಮ, ತದ್ಭವ, ದೇಶ್ಯ ಎಂಬ ವಿಂಗಡಣೆ ಅಂದಿನಿಂದ ಶಾಲೆಯ ವ್ಯಾಕರಣ ಪುಸ್ತಕದವರೆಗೆ ನಡೆದು ಬಂದಿದೆ. ಇದರಲ್ಲಿ ಭಾಗ ತತ್ಸಮ, ದಾಯಾದಿಯೂ ಸಂಸ್ಕೃತದ ಬಳಗ, ಪಾಲು ದೇಶ್ಯ. ಆದರೆ ದೇಶ್ಯ ಎಂದು ಹಣೆಪಟ್ಟಿ ಹಚ್ಚಿದ ಮೇಲೆ ಅದರ ಮುಂದಿನ ವಿಚಾರಣೆ ಇರಲಿಲ್ಲ. ಸಂಸ್ಕೃತದ ಪದಕ್ಕೆ ತಾಯಿ ತಂದೆ ಇದ್ದರು, ದೇಶ್ಯ ಪದ ಹುಟ್ಟಿದಲ್ಲೇ ಇತ್ತು.

ಆ ದೇಶ್ಯ ಪದಗಳಿಗೂ ಒಂದು ಮನೆತನ ಇದೆ ಎಂದು ತೋರಿಸಿದ್ದು 19ನೇ ಶತಮಾನ. ಮದರಾಸಿನ ಅಧಿಕಾರಿ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲಿ ತಮಿಳು, ತೆಲುಗು, ಕನ್ನಡಗಳ ಬೇರುಪದಗಳನ್ನು ಅಕ್ಕಪಕ್ಕ ಇಟ್ಟು ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಕುಟುಂಬದವು ಎಂದು ವಾದಿಸಿದ. ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ 1856ರಲ್ಲಿ ಬಂತು. ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಬರೋ ಮತ್ತು ಎಮೆನೋ ಸೇರಿ 1961ರಲ್ಲಿ ಹೊರತಂದ ದ್ರಾವಿಡ ಜ್ಞಾತಿಪದಕೋಶ 1984ರಲ್ಲಿ ಪರಿಷ್ಕಾರಗೊಂಡ ಮೇಲೆ ಈ ಮನೆತನದ ನಕ್ಷೆ ಹೆಚ್ಚುಕಡಿಮೆ ಪೂರ್ತಿಯಾಯಿತು.

ಆ ನಕ್ಷೆಯಲ್ಲಿ ಪಾಲಿನ ಬಳಗ ದೊಡ್ಡದು. ತಮಿಳಿನಲ್ಲಿ ಪಕು ಎಂದರೆ ಸೀಳು, ಭಾಗ ಮಾಡು. ಅದರ ಸುತ್ತ ಪಕಿರ್, ಪಕುತಿ, ಅರ್ಧವೆಂಬ ಅರ್ಥದ ಪಾತಿ, ಭಾಗವೆಂಬ ಅರ್ಥದ ಪಾಲ್. ತೆಲುಗಿನಲ್ಲಿ ಪಂಚು, ಪಾಲು. ತುಳುವಿನಲ್ಲೂ ಪಾಲು. ಹಳಗನ್ನಡದಲ್ಲಿ ಬೇರ್ಪಡಿಸುವುದಕ್ಕೆ ಪಸು, ವಿಂಗಡಣೆಗೆ ಪಸುಗೆ, ಹಂಚುವುದಕ್ಕೆ ಪಚ್ಚು ಮತ್ತು ಪಂಚು. ಈ ಪಂಚೇ ಮುಂದೆ ಹಂಚು ಆಯಿತು. ಮಂಡ್ಯದ ನಾಲಿಗೆ ಅದರ ಹಕಾರವನ್ನೂ ಬಿಟ್ಟುಕೊಟ್ಟು ‘ಅಂಚ್ಕೊಳ್ಳಿ’ ಎನ್ನುತ್ತದೆ. ಪಕಾರ ಹಕಾರವಾಗಿ, ಹಕಾರವೂ ಕರಗಿ, ಒಂದು ವ್ಯಂಜನದ ಇಡೀ ಆಯುಷ್ಯ ಈ ಒಂದು ಕ್ರಿಯಾಪದದಲ್ಲಿ ಕಾಣುತ್ತದೆ.

ಈ ಬಳಗಕ್ಕೆ ಯಾರನ್ನೆಲ್ಲ ಸೇರಿಸಬೇಕು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಹಗಲು ಎಂಬುದರ ಹಳೆಯ ರೂಪ ಪಗಲ್. ದಿನವನ್ನು ಭಾಗ ಮಾಡುವುದರಿಂದ ಅದೂ ಪಕುವಿನ ಮಗುವೇ ಎನ್ನುವವರಿದ್ದಾರೆ. ಪಕ್ಕ ಎಂಬುದನ್ನು ಕೆಲವರು ಇಲ್ಲಿಗೆ ತರುತ್ತಾರೆ, ಇನ್ನು ಕೆಲವರು ಸಂಸ್ಕೃತದ ಪಕ್ಷಕ್ಕೆ ಕೊಡುತ್ತಾರೆ. ಹಂಚಿಕೆಯ ಪದಗಳನ್ನೇ ಹಂಚಿಕೊಳ್ಳುವುದರಲ್ಲಿ ಜಗಳ ಬಂದಿರುವುದು ತಮಾಷೆಯಾಗಿದೆ.

ಪಕು ಮತ್ತು ಭಜ್: ನೆಂಟಸ್ತಿಕೆಯೋ, ಮುಖದ ಹೋಲಿಕೆಯೋ

ತಮಿಳಿನ ಪಕು, ಸಂಸ್ಕೃತದ ಭಜ್ ಮತ್ತು ಭಾಗ. ಎರಡರಲ್ಲೂ ತುಟಿಯ ವ್ಯಂಜನ, ಅದರ ಹಿಂದೆ ಅಕಾರ. ಪಕುವಿನಲ್ಲಿರುವ ಕಂಠದ ವ್ಯಂಜನ ಭಾಗದಲ್ಲೂ ಇದೆ. ಎರಡಕ್ಕೂ ವಿಭಾಗಿಸು ಎಂಬ ಅರ್ಥ. ಇಷ್ಟು ಹೋಲಿಕೆ ಕಂಡಾಗ ಸುಮ್ಮನಿರುವುದು ಕಷ್ಟ. ಮೂರು ವಿವರಣೆಗಳು ಚಲಾವಣೆಯಲ್ಲಿವೆ.

ಒಂದು, ಸಾಲ. ಸಂಸ್ಕೃತ ದ್ರಾವಿಡಕ್ಕೆ ಕೊಟ್ಟದ್ದನ್ನು ಎಲ್ಲರೂ ಬಲ್ಲರು. ದ್ರಾವಿಡ ಸಂಸ್ಕೃತಕ್ಕೆ ಕೊಟ್ಟದ್ದೂ ಇದೆ ಎಂದು ಕಿಟೆಲ್ 1872ರಷ್ಟು ಹಿಂದೆಯೇ ಬರೆದಿದ್ದ. ಆದರೆ ಈ ಜೋಡಿಗೆ ಸಾಲದ ವಿವರಣೆ ಹೊಂದುವುದಿಲ್ಲ. ಭಜ್‌ಗೆ ದೂರದೂರದಲ್ಲಿ ಒಡಹುಟ್ಟುಗಳಿವೆ. ಗ್ರೀಕಿನಲ್ಲಿ ತಿನ್ನು ಎಂಬರ್ಥದ ಫಗೈನ್ ಇದೇ ಬೇರಿನದು. ಪಾಲಿಗೆ ಬಂದದ್ದನ್ನು ತಿನ್ನುವುದರಿಂದ ಆ ಅರ್ಥ ಬಂದಿದೆ. ಪಾರಸಿಯ ಬಕ್ಷ್, ಅದರಿಂದ ನಮ್ಮ ಬಕ್ಷೀಸು, ಸಂಸ್ಕೃತದ ಭಗವಂತ ಎಲ್ಲವೂ ಅದೇ ಬಳಗ. ಹಂಚಿಕೊಡುವವನೇ ದೇವರು ಎಂಬ ಲೆಕ್ಕ. ಇಷ್ಟು ಹರಡಿದ ಪದ ದಕ್ಷಿಣದಿಂದ ಸಾಲ ಬಂದದ್ದಾಗಿರಲಾರದು. ಅತ್ತ ಪಕುವಿಗೂ ದ್ರಾವಿಡದೊಳಗೆ ಬೇರೂರಿದ ಸಂಸಾರವಿದೆ, ಅದೂ ಸಂಸ್ಕೃತದಿಂದ ಪಡೆದದ್ದಲ್ಲ.

ಎರಡನೆಯದು ಆಳದ ನೆಂಟಸ್ತಿಕೆ. ದ್ರಾವಿಡ, ಇಂಡೋ-ಯುರೋಪಿಯನ್ ಮೊದಲಾದ ಕುಟುಂಬಗಳೆಲ್ಲ ಸಾವಿರಾರು ವರ್ಷ ಹಿಂದೆ ಒಂದೇ ಮೂಲದಿಂದ ಕವಲೊಡೆದವು ಎಂಬ ನಾಸ್ಟ್ರಾಟಿಕ್ ವಾದ 1960ರ ದಶಕದ ಸೋವಿಯತ್ ವಿದ್ವಾಂಸರಿಂದ, ಮುಖ್ಯವಾಗಿ ಇಲ್ಲಿಚ್-ಸ್ವಿತಿಚ್‌ನಿಂದ, ಬಲ ಪಡೆಯಿತು. ಅಂಥವರಿಗೆ ಇಂಥ ಜೋಡಿಗಳು ಆಕರ್ಷಕ. ಬಹುಪಾಲು ಭಾಷಾವಿಜ್ಞಾನಿಗಳು ಈ ವಾದವನ್ನು ಒಪ್ಪಿಲ್ಲ.

ಮೂರನೆಯದು ಆಕಸ್ಮಿಕ. ಮನುಷ್ಯನ ಬಾಯಿ ಮಾಡಬಲ್ಲ ಶಬ್ದಗಳು ಎಣಿಕೆಯವು, ಭಾಷೆಗಳು ಸಾವಿರಾರು. ಅಲ್ಲಿ ಇಲ್ಲಿ ಮುಖ ಹೋಲುವುದು ಸಹಜ. ಈ ಉತ್ತರದಲ್ಲಿ ಸ್ವಾರಸ್ಯ ಕಡಿಮೆ, ಆದರೆ ನನಗೆ ಇದೇ ಸರಿ ಎನಿಸುತ್ತದೆ. ಹೋಲಿಕೆ ಕಂಡ ಕೂಡಲೇ ವಂಶವೃಕ್ಷ ಬರೆಯುವ ಚಪಲ ನಮ್ಮಲ್ಲಿ ಎರಡೂ ಕಡೆ ಇದೆ. ಕನ್ನಡದ ಪದವೆಲ್ಲ ಸಂಸ್ಕೃತದ್ದೆನ್ನುವವರೂ, ಸಂಸ್ಕೃತದ ಪದವೆಲ್ಲ ದ್ರಾವಿಡದ್ದೆನ್ನುವವರೂ ಒಂದೇ ಬಗೆಯ ಪುರಾವೆಯನ್ನು ಹಿಡಿದು ನಿಂತಿರುತ್ತಾರೆ.

ಪಕಾರದ ಹಠ

ಮತ್ತೆ ಒಗಟಿಗೆ ಬರೋಣ. ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾದದ್ದು ಒಮ್ಮೆಗೇ ಆದದ್ದಲ್ಲ. 10ನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಇದು ತಲೆಹಾಕುತ್ತದೆ, ವಚನಕಾರರ ಹೊತ್ತಿಗೆ ಜನರ ಬಾಯಲ್ಲಿ ಹಕಾರದ್ದೇ ರಾಜ್ಯ. ಪತ್ತು ಹತ್ತಾಯಿತು, ಪುಲಿ ಹುಲಿಯಾಯಿತು, ಪೊಲ ಹೊಲವಾಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ಪಕಾರದಿಂದ ಶುರುವಾಗುತ್ತದೆ. ಹೊಸತೊಡಕಿನ ಹೊಸ ಕೂಡ ಹಿಂದೆ ಪೊಸ. ಇಷ್ಟೆಲ್ಲ ಬದಲಾದಾಗ ಪಾಲು ಹೇಗೆ ತಪ್ಪಿಸಿಕೊಂಡಿತು?

ಮೊದಲ ವಿವರಣೆ ಅರ್ಥಭೇದದ್ದು. ಒಂದೇ ರೂಪದ ಎರಡು ಪದಗಳಿದ್ದಾಗ ಒಂದು ಬದಲಾಗಿ ಇನ್ನೊಂದು ನಿಂತರೆ ಗೊಂದಲ ತಪ್ಪುತ್ತದೆ. ಇಂಥ ಜೋಡಿಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಕಂಠದ ಪಾಡು ಹಾಡಾಯಿತು, ಕಷ್ಟದ ಪಾಡು ಪಾಡಾಗಿಯೇ ಇದೆ. ಮಗುವನ್ನು ಪಡೆಯುವುದು ಹಡೆ ಆಯಿತು, ಉಳಿದದ್ದನ್ನೆಲ್ಲ ಪಡೆಯುತ್ತಲೇ ಇದ್ದೇವೆ. ನೀರು ಹರಿಯಿತು, ಪರಿ ಮಾತ್ರ ಪರಿಯಾಗಿ ಉಳಿಯಿತು. ಇದು ನೋಡುವುದಕ್ಕೆ ಚೆಂದದ ವಿವರಣೆ. ತೊಂದರೆ ಎಲ್ಲಿ ಎಂದರೆ, ತಮಿಳರು ಇವತ್ತಿಗೂ ಹಾಲಿಗೂ ಭಾಗಕ್ಕೂ ಪಾಲ್ ಎನ್ನುತ್ತಾರೆ, ಅವರಿಗೇನೂ ಗೊಂದಲವಾದಂತಿಲ್ಲ. ಕನ್ನಡದಲ್ಲೇ ಪಾಳುಬಿದ್ದ ಮನೆ, ಹಾಳುಬಿದ್ದ ಮನೆ ಎರಡೂ ಇವೆ, ಅರ್ಥ ಮಾತ್ರ ಒಂದೇ. ಮೇಲಾಗಿ ಧ್ವನಿ ಬದಲಾವಣೆ ಅರ್ಥ ನೋಡಿ ಮುಂದೆ ಹೋಗುವುದಿಲ್ಲ ಎನ್ನುವುದು ಭಾಷಾವಿಜ್ಞಾನದ ಹಳೆಯ ಪಾಠ.

ಎರಡನೆಯದು ಬರವಣಿಗೆಯ ವಿವರಣೆ. ಪಾಲು ಎಂಬುದು ದಾನಪತ್ರ, ಕರಾರುಪತ್ರ, ಆಸ್ತಿ ವಿಭಾಗಗಳ ಪದ. ಪತ್ರದ ಭಾಷೆ ಹಳತನ್ನು ಬಿಡುವುದಿಲ್ಲ. ಇಂದಿನ ನೋಂದಣಿ ಕಚೇರಿಯ ಪತ್ರ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಹಣ, ಹೊನ್ನು, ಹೊಲ ಕೂಡ ಅದೇ ಪತ್ರಗಳಲ್ಲಿ ದಿನವೂ ಓಡಾಡಿದ ಪದಗಳು. ಅವುಗಳ ಪಕಾರವನ್ನು ಯಾವ ಶಾನುಭೋಗನೂ ಕಾಪಾಡಲಿಲ್ಲ. ಒಡಹುಟ್ಟಿದ ಹಂಚು ಬದಲಾಗಿರುವಾಗ ಪಾಲಿಗೆ ಮಾತ್ರ ರಿಯಾಯಿತಿ ಯಾಕೆ? ಈ ವಿವರಣೆ ನಿಲ್ಲುವುದು ಕಷ್ಟ.

ಮೂರನೆಯದು ಮರುಸಾಲ. ಕನ್ನಡದ ಪಾಲ್ ಬಳಕೆಯಲ್ಲಿ ಸೊರಗಿತು ಅಥವಾ ಹಕಾರಕ್ಕೆ ತಿರುಗತೊಡಗಿತು. ಆಮೇಲೆ ಪಕಾರ ಬಿಡದ ತೆಲುಗು, ತಮಿಳು ನೆರೆಯಿಂದ ಪಾಲು ಮತ್ತೆ ಒಳಬಂತು ಎಂಬ ಊಹೆ ಇದು. ವಿಜಯನಗರದ ಆಡಳಿತದಲ್ಲಿ ಕನ್ನಡ ತೆಲುಗುಗಳು ಒಂದೇ ಕಚೇರಿಯಲ್ಲಿ ಕುಳಿತಿದ್ದವು. ಮಳವಳ್ಳಿ ಸೀಮೆಗಂತೂ ತಮಿಳು ದೂರದ್ದಲ್ಲ. ತಲಕಾಡನ್ನು ಚೋಳರು 11ನೇ ಶತಮಾನದ ಆರಂಭದಲ್ಲಿ ಹಿಡಿದು, ಹೊಯ್ಸಳ ವಿಷ್ಣುವರ್ಧನ ಅವರನ್ನು ಹೊರಗಟ್ಟುವವರೆಗೆ ನೂರು ವರ್ಷಕ್ಕೂ ಮೇಲೆ ಇಟ್ಟುಕೊಂಡಿದ್ದರು. ಆ ಭಾಗದಲ್ಲಿ ತಮಿಳು ಶಾಸನಗಳು ಇಂದಿಗೂ ಸಿಗುತ್ತವೆ. ಕಾವೇರಿಯಾಚೆಯ ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿತ್ತು. ಲೆಕ್ಕದ ಮಾತು ಹೊಳೆ ದಾಟಿ ಬರಲು ಶಿವನಸಮುದ್ರದ ಸೇತುವೆ ಸಾಕು.

ನನ್ನ ಒಲವು ಈ ಮೂರನೆಯದರ ಕಡೆಗೆ, ಮೊದಲನೆಯದರ ಸ್ವಲ್ಪ ನೆರವಿನೊಂದಿಗೆ. ನೆರೆಯಿಂದ ಬಂದ ಪಕಾರಕ್ಕೆ ಹಾಲಿನಿಂದ ದೂರ ನಿಲ್ಲುವ ಅನುಕೂಲವೂ ಸಿಕ್ಕಿದ್ದರಿಂದ ಅದು ಗಟ್ಟಿಯಾಯಿತು ಎನ್ನಬಹುದು. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯ ಅನುಪ್ರಾಸವೂ ಪಕಾರದ ಮೇಲೇ ನಿಂತಿದೆ. ನಾಲಿಗೆಗೆ ರುಚಿಸಿದ್ದನ್ನು ಜನ ಬಿಟ್ಟುಕೊಡುವುದಿಲ್ಲ.

ವಾರ: ಬಕಾರವಾಗದ ವಕಾರ

ಮರುಸಾಲದ ವಾದಕ್ಕೆ ಒಳ್ಳೆಯ ಸಾಕ್ಷಿ ಪಾಲಿನಲ್ಲಿ ಸಿಗುವುದಕ್ಕಿಂತ ವಾರದಲ್ಲಿ ಸಿಗುತ್ತದೆ. ಹೊಲವನ್ನು ವಾರಕ್ಕೆ ಕೊಡುವುದೆಂದರೆ ಬೆಳೆದ ಬೆಳೆಯಲ್ಲಿ, ಸಾಮಾನ್ಯವಾಗಿ ಅರ್ಧ, ಒಡೆಯನಿಗೆ ಸಲ್ಲಿಸುವ ಕರಾರು. ದನ, ಕುರಿಗಳನ್ನೂ ವಾರಕ್ಕೆ ಸಾಕುತ್ತಾರೆ. ಹುಟ್ಟಿದ ಮರಿಗಳಲ್ಲಿ ಪಾಲು. ಹಳೇ ಮೈಸೂರಿನ ಕೆಲವು ಕಡೆ ಇದಕ್ಕೆ ಕೋರು ಎಂಬ ಮಾತಿದೆ, ಮಲೆನಾಡಿಗೆ ಹೋದರೆ ಗೇಣಿ.

ಏಳು ದಿನದ ವಾರವೂ ಈ ವಾರವೂ ಒಂದೇ ಪದವೇ? ಹೌದೆನ್ನುವವರ ಪ್ರಕಾರ ಸಂಸ್ಕೃತದ ವಾರಕ್ಕೆ ಸರದಿ ಎಂಬ ಅರ್ಥವಿದೆ. ಸರದಿಯಿಂದ ಬರುವ ದಿನ ವಾರ, ಸರದಿಯಿಂದ ಬರುವ ಫಲವೂ ವಾರ. ಉತ್ತರ ಭಾರತದ ಕಾಲುವೆಗಳಲ್ಲಿ ಸರದಿಯ ಮೇಲೆ ನೀರು ಬಿಡುವುದಕ್ಕೆ ವಾರಬಂದಿ ಎನ್ನುತ್ತಾರೆ, ಅಲ್ಲಿ ಸರದಿಯೇ ಪಾಲು. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಲ್ಲಿ ಅದೇ ಕೆಲಸ ‘ಕಟ್ಟು ಪದ್ಧತಿ’ಯ ಹೆಸರಲ್ಲಿ ನಡೆಯುತ್ತದೆ. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತನಿಗೆ ಸರದಿ ತಪ್ಪಿದರೆ ಪಾಲೂ ತಪ್ಪಿದಂತೆಯೇ.

ಅಲ್ಲವೆನ್ನುವವರು ತಮಿಳಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ವಾರಮ್ ಎಂದರೆ ಬೆಳೆಯ ಪಾಲು. ಸರ್ಕಾರದ ಅಥವಾ ಒಡೆಯನ ಪಾಲು ಮೇಲ್ವಾರಮ್, ಉಳುವವನದು ಕುಡಿವಾರಮ್. ಮದರಾಸು ಪ್ರಾಂತ್ಯದ ಕಂದಾಯ ವ್ಯವಹಾರವೆಲ್ಲ ಈ ಎರಡು ಮಾತಿನ ಮೇಲೆ ನಡೆಯಿತು. ಇಷ್ಟು ಖಚಿತವಾದ ಪಾರಿಭಾಷಿಕ ಪದಕ್ಕೆ ವಾರದ ದಿನಗಳಿಂದ ಹುಟ್ಟು ಕೊಡಬೇಕಿಲ್ಲ ಎಂಬುದು ಅವರ ನಿಲುವು.

ಇಲ್ಲಿ ಕನ್ನಡದ ಒಂದು ಧ್ವನಿನಿಯಮ ಪಂಚಾಯ್ತಿಗೆ ಬರುತ್ತದೆ. ದ್ರಾವಿಡ ಪದಗಳ ಮೊದಲಿನ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ. ತಮಿಳಿನ ವಾ ನಮ್ಮ ಬಾ, ವಾಯ್ ನಮ್ಮ ಬಾಯಿ, ವಿಲ್ ನಮ್ಮ ಬಿಲ್ಲು, ವೇರ್ ನಮ್ಮ ಬೇರು. ಹಲ್ಮಿಡಿ ಶಾಸನದಲ್ಲಿ ಇನ್ನೂ ‘ವಿಟ್ಟಾರ್’ ಎಂದಿರುವುದು ಮುಂದೆ ಬಿಟ್ಟರು ಆಗಿದೆ. ವಾರ ಎಂಬುದು ಕನ್ನಡದ ಸ್ವಂತ ಪಿತ್ರಾರ್ಜಿತವಾಗಿದ್ದರೆ ಅದು ಬಾರ ಆಗಬೇಕಿತ್ತು. ಆಗಿಲ್ಲ. ಆದ್ದರಿಂದ ಮೂಲ ಯಾವುದೇ ಇರಲಿ, ಕನ್ನಡಕ್ಕೆ ಅದು ಹೊರಗಿನಿಂದ, ಬಕಾರದ ಬದಲಾವಣೆ ಮುಗಿದ ಮೇಲೆ ಬಂದಿದೆ. ಸಂಸ್ಕೃತದಿಂದ ನೇರವಾಗಿ ಬಂತೋ, ಚೋಳರ ಲೆಕ್ಕಪತ್ರದ ಜೊತೆ ಬಂತೋ, ತೆಲುಗಿನ ಮೂಲಕ ಬಂತೋ ಎಂಬುದಷ್ಟೇ ಪ್ರಶ್ನೆ. ದ್ರಾವಿಡ ಮೂಲ ಎಂದರೆ ಕನ್ನಡದ ಸ್ವಂತದ್ದು ಎಂದೇ ತಿಳಿಯುವ ಅಭ್ಯಾಸಕ್ಕೆ ಈ ಪದ ಒಳ್ಳೆಯ ಮದ್ದು: ದ್ರಾವಿಡವೂ ಆಗಿರಬಹುದು, ಸಾಲವೂ ಆಗಿರಬಹುದು.

ವಾರದ ಇತ್ತೀಚಿನ ಚರಿತ್ರೆ ಇನ್ನೂ ಕುತೂಹಲದ್ದು. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಯನ್ನು ರದ್ದು ಮಾಡಿತು. ಅಂದಿನಿಂದ ವಾರವೂ ಕಾಗದದಲ್ಲಿ ಇರಬಾರದ ಪದ. ಪದ್ಧತಿ ನಿ‌ಂತಿತೇ? ಬಾಯಿಮಾತಿನ ಕರಾರಾಗಿ ನಡೆಯುತ್ತಲೇ ಇದೆ. ಕಂದಾಯದ ಪಾರಿಭಾಷಿಕ ಪದವೊಂದು ಹೀಗೆ ಕಚೇರಿಯಿಂದ ಹೊರಬಿದ್ದು ಜಗಲಿಯ ಮಾತಾಯಿತು.

ಕಚೇರಿ ತಂದ ಮಾತುಗಳು

ಹಿಸ್ಸೆಯ ಮೂಲದಲ್ಲಿ ಚರ್ಚೆ ಇಲ್ಲ. ಅರಬ್ಬಿಯ ಪದ, ಪಾರಸಿಯ ಮೂಲಕ ಬಂದದ್ದು. ಪೋಡಿ ಮರಾಠಿಯ ಫೋಡ್, ಒಡೆದ ಹೋಳು. ಬಟವಾಡೆಯೂ ಮರಾಠಿಯದು, ಅದರ ಹಿಂದಿನ ಬೇರು ಹಿಂದಿಯ ಬಾಂಟ್‌ನಲ್ಲೂ ಇದೆ, ಅಲ್ಲಿಯೂ ಹಂಚುವುದೆಂದೇ ಅರ್ಥ. ಯಾವಾಗ ಬಂದವು ಎಂಬುದರಲ್ಲಿ ಮಾತ್ರ ಎರಡು ಅಭಿಪ್ರಾಯ ಸಾಧ್ಯ. ಹೈದರ್, ಟಿಪ್ಪು ಕಾಲದ ಪಾರಸಿ ದಫ್ತರ ಮತ್ತು ಅದಕ್ಕೂ ಹಿಂದಿನ ಮರಾಠಿ ಗುಮಾಸ್ತರ ಜೊತೆ ಬಂದಿರಬಹುದು. ಇಲ್ಲವೇ ಮೈಸೂರಿನಲ್ಲಿ 1863ರಲ್ಲಿ ಶುರುವಾದ, ಮುಂಬಯಿ ಪ್ರಾಂತ್ಯದ ಮಾದರಿಯ ಕಂದಾಯ ಸರ್ವೆ ಇವನ್ನು ಹಳ್ಳಿಹಳ್ಳಿಗೆ ತಲುಪಿಸಿರಬಹುದು. ಸರ್ವೆ ನಂಬರು ಇಲ್ಲದೆ ಹಿಸ್ಸೆ ನಂಬರು ಇಲ್ಲವಾದ್ದರಿಂದ ಎರಡನೆಯದಕ್ಕೆ ಬಲ ಹೆಚ್ಚು.

ಇವುಗಳಲ್ಲಿ ರಸವತ್ತಾದದ್ದು ಪಾಲುಪಾರೀಕತ್ತು. ಮೊದಲರ್ಧ ದ್ರಾವಿಡ. ಉಳಿದದ್ದು ಅರಬ್ಬಿಯ ಫಾರಿಗ್, ಖತ್: ಬಿಡುಗಡೆಯಾದವನು ಮತ್ತು ಬರಹ. ಅಂದರೆ ಪಾರೀಕತ್ತು ಎಂಬುದು ಹಕ್ಕು ಬಿಟ್ಟುಕೊಟ್ಟ ಪತ್ರ. ಪಾಲು ಪಡೆಯುವುದು, ಉಳಿದದ್ದರ ಮೇಲಿನ ಹಕ್ಕು ಬಿಡುವುದು ಎರಡೂ ಒಂದೇ ಸಹಿಯಲ್ಲಿ ಆಗುತ್ತವೆ ಎಂಬ ಕಾನೂನಿನ ಸೂಕ್ಷ್ಮ ಈ ಸಮಾಸದಲ್ಲೇ ಅಡಗಿದೆ. ಈ ಪತ್ರದ ಹಿಂದಿರುವ ಧರ್ಮಶಾಸ್ತ್ರವೂ ಕರ್ನಾಟಕದ್ದೇ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದ ದಾಯವಿಭಾಗ ಭಾರತದ ಬಹುಭಾಗಕ್ಕೆ ಪಾಲಿನ ನಿಯಮವಾಯಿತು. ಅದರಲ್ಲಿ ಹುಟ್ಟಿನಿಂದಲೇ ಪಾಲಿದ್ದದ್ದು ಗಂಡುಮಕ್ಕಳಿಗೆ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಕಾನೂನು ತಿದ್ದಿದ ಮೇಲೆ ಹೆಣ್ಣುಮಕ್ಕಳ ಹೆಸರೂ ಪತ್ರಕ್ಕೆ ಬಂತು. ಬಹಳ ಮನೆಗಳಲ್ಲಿ ಅದು ಬರುವುದು ಪಾರೀಕತ್ತಿನ ಹಳೆಯ ಅರ್ಥದಲ್ಲಿ, ಹಕ್ಕು ಬಿಟ್ಟುಕೊಡುವವಳ ಸಹಿಯಾಗಿ.

ಗುಡ್ಡೆ, ನಿಘಂಟಿನ ಹೊಸ್ತಿಲಲ್ಲಿ

ಪದದ ಚರಿತ್ರೆ ಬರೆಯಲು ಪ್ರಯೋಗ ಬೇಕು, ಪ್ರಯೋಗವೆಂದರೆ ಹೆಚ್ಚಾಗಿ ಬರಹ. ಶ್ರೀರಂಗಪಟ್ಟಣದ ಗಂಜಾಮಿನ ಜಿ. ವೆಂಕಟಸುಬ್ಬಯ್ಯನವರು ದೀರ್ಘಕಾಲ ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಿಂತಿರುವುದೂ ಶಾಸನ, ಕಾವ್ಯ, ಗದ್ಯಗಳ ಆಕರದ ಮೇಲೆ. ಮಾಂಸದ ಪಾಲಿಗೆ ಗುಡ್ಡೆ ಎಂದವರು ಅದನ್ನು ಬರೆದಿಡಲಿಲ್ಲ. ಹಾಗಾಗಿ ಈ ಪದ ಪಾಲಿನ ಅರ್ಥಕ್ಕೆ ಯಾವಾಗ ಬಂತೆಂದು ಹೇಳಲು ಹೊರಟವರು ಊಹೆಯ ಮೇಲೆಯೇ ನಡೆಯಬೇಕು.

ಕರಾವಳಿಯಲ್ಲಿ ಗುಡ್ಡೆ ಎಂದರೆ ಬೆಟ್ಟವೇ. ನಮ್ಮಲ್ಲಿ ಗುಡ್ಡ ದೊಡ್ಡದು, ಗುಡ್ಡೆ ಚಿಕ್ಕದು. ಮಣ್ಣಿನದೋ ಗೊಬ್ಬರದ್ದೋ ರಾಶಿ. ರಾಶಿಯಿಂದ ಪಾಲಿಗೆ ಎರಡು ದಾರಿ ಕಾಣುತ್ತವೆ. ಒಂದು ಕಸಾಯಿಯ ನೆಲದಿಂದ ನೇರ: ತಕ್ಕಡಿ ಇಲ್ಲದಾಗ ಗುಡ್ಡೆಯೇ ಅಳತೆ. ಬನ್ನೂರು ಕುರಿಯೆಂದು ಹೆಸರಾದ ಬಂಡೂರು ತಳಿಯ ತವರು ಇದೇ ಮಳವಳ್ಳಿ ತಾಲ್ಲೂಕಿನ ಬಂಡೂರು ಎಂಬುದನ್ನು ನೆನೆದರೆ ಈ ದಾರಿ ಸಹಜ. ಇನ್ನೊಂದು ಒಕ್ಕಣೆಯ ಕಣದಿಂದ. ಮೈಸೂರು ಸೀಮೆಯಲ್ಲಿ 1800–01ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಣದಲ್ಲೇ ಧಾನ್ಯದ ರಾಶಿಯಿಂದ ದೇವರಿಗೆ, ಗೌಡನಿಗೆ, ಶಾನುಭೋಗನಿಗೆ, ತಳವಾರನಿಗೆ, ಕಮ್ಮಾರ ಬಡಗಿಗಳಿಗೆ ಎಷ್ಟೆಷ್ಟು ಹೋಗುತ್ತಿತ್ತೆಂದು ಬಿಡದೆ ಬರೆದುಕೊಂಡಿದ್ದಾನೆ. ಆ ಪಾಲಿನ ಹೆಸರು ಆಯ, ಪಡೆಯುವವರು ಆಯಗಾರರು.

ಎರಡನೆಯ ದಾರಿ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕಣದ ಪಾಲು ಜಾತಿ ಮತ್ತು ಹುದ್ದೆಯ ಮೆಟ್ಟಿಲ ಮೇಲೆ ನಿಂತಿತ್ತು. ಯಾರು ಮೊದಲು, ಯಾರು ಕೊನೆ, ಯಾರಿಗೆ ಮೊರದಲ್ಲಿ, ಯಾರಿಗೆ ಬೊಗಸೆಯಲ್ಲಿ ಎಂಬುದು ಗೊತ್ತಿದ್ದ ಮಾತು. ಪಾಲು ಎಂಬ ಪದಕ್ಕೂ ಆ ಏರುತಗ್ಗು ಅಂಟಿಕೊಂಡೇ ಬಂದಿದೆ. ಅದಕ್ಕೇ ಸಮ ಎನ್ನಬೇಕಾದಾಗ ಸಮಪಾಲು ಎಂದು ಬಿಡಿಸಿ ಹೇಳಬೇಕು, ಇಂಗ್ಲಿಷಿನಿಂದ ತಂದ ಸಿಂಹಪಾಲೂ ಅದಕ್ಕೆ ಸಲೀಸಾಗಿ ಒಗ್ಗಿತು. ಸಿಂಹಗುಡ್ಡೆ ಎಂದು ಯಾರೂ ಹೇಳುವುದಿಲ್ಲ. ಗುಡ್ಡೆ ಎಂದಮೇಲೆ ಸಮವೇ. ಆದರೆ ಆ ಟಾರ್ಪಾಲಿನ ಸುತ್ತ ಯಾರು ಸೇರಬಹುದು ಎಂಬಲ್ಲಿ ಸಮತೆ ಮುಗಿಯುತ್ತದೆ. ದುಡ್ಡು ಕೂಡಿಹಾಕುವ ಮನೆಗಳು ಬಹುಮಟ್ಟಿಗೆ ಒಂದೇ ಕುಲದ, ಒಂದೇ ಬೀದಿಯ ಮನೆಗಳು.

ಹಬ್ಬದ ಹೆಸರಲ್ಲೂ ಒಂದು ವಾದವಿದೆ. ವರ್ಷದ ಮೊದಲ ತೊಡಗು, ಅಂದರೆ ಆರಂಭ, ಹೊಸತೊಡಕಾಯಿತು ಎಂಬುದು ಒಂದು ಕಡೆ. ಊರಬಾಯಲ್ಲಿರುವ ‘ವರ್ಸ್ತೊಡ್ಕು’ ಮೂಲ, ಹೊಸ ಎಂಬುದು ಓದಿದವರು ತಿದ್ದಿದ್ದು ಎಂಬುದು ಇನ್ನೊಂದು ಕಡೆ. ತೊಡಕು ಎಂದರೆ ಸಿಕ್ಕು ಎಂದೂ ಇರುವುದರಿಂದ, ಅಂದು ಆದದ್ದು ವರ್ಷವಿಡೀ ತೊಡರಿಕೊಳ್ಳುತ್ತದೆ ಎಂಬ ನಂಬಿಕೆಯನ್ನೇ ಮೂಲವೆನ್ನುವವರೂ ಇದ್ದಾರೆ. ಇಂಥ ಮನೆಮಾತುಗಳು ಅಚ್ಚಿಗೆ ಬರಲು ಒಮ್ಮೊಮ್ಮೆ ಜಗಳವೇ ಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟದ ಬೇಡಿಕೆ ಎದ್ದು, ಬಾಡು ಎಂಬ ಪದ ಪತ್ರಿಕೆಗಳ ತಲೆಬರಹಕ್ಕೆ ಏರಿತು.

ಅಚ್ಚಿಗೆ ಬಾರದ ಇನ್ನೊಂದು ಹಂಚಿಕೆ ಮಕ್ಕಳದು. ಪೆಪ್ಪರಮಿಂಟನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಡಿದು ಕೊಟ್ಟರೆ ಅದು ಕಾಗೆ ಎಂಜಲು, ತಿನ್ನಬಹುದು. ಎಂಜಲಿನ ಮಡಿಯನ್ನು ಇಷ್ಟು ಸಲೀಸಾಗಿ ದಾಟಿದ ಇನ್ನೊಂದು ಪದ ನನಗೆ ಗೊತ್ತಿಲ್ಲ. ಕಾಗೆ ಅಲ್ಲಿಗೆ ಯಾಕೆ ಬಂತೆಂದು ಯಾವ ವೈಯಾಕರಣನೂ ಕೇಳಿದಂತಿಲ್ಲ.

ಇಂಗ್ಲಿಷಿನ ಒಂದು ಮಾತು ಇಲ್ಲಿ ಹೋಲಿಕೆಗೆ ಒದಗುತ್ತದೆ. ಹಂಚಿಕೊಳ್ಳುವುದಕ್ಕೆ ಅಲ್ಲಿ ಸಲಿಗೆಯ ಮಾತು ಡಿವ್ವಿ. 19ನೇ ಶತಮಾನದಲ್ಲಿ ಡಿವಿಡೆಂಡ್ ಎಂಬುದನ್ನು ತುಂಡರಿಸಿ ಮಾಡಿದ್ದು ಎಂಬುದೇ ಸಾಮಾನ್ಯ ಅಭಿಪ್ರಾಯ. ಡಿವೈಡ್ ಎಂಬುದರದೇ ತುಂಡು ಎನ್ನುವವರೂ ಇದ್ದಾರೆ. ಬ್ರಿಟನ್ನಿನ ಸಹಕಾರಿ ಅಂಗಡಿಗಳ ಸದಸ್ಯರು ತಮ್ಮ ಲಾಭದ ಪಾಲನ್ನು ಪ್ರೀತಿಯಿಂದ ಹಾಗೆ ಕರೆದರು. ನಮ್ಮಲ್ಲೂ ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಆದರೆ ಡಿವಿಡೆಂಡಿಗೆ ಕನ್ನಡದಲ್ಲಿ ಲಾಭಾಂಶ ಎಂಬ ಗಂಭೀರ ಹೆಸರೇ ಉಳಿಯಿತು. ಡೇರಿಯ ಬಟವಾಡೆ ಮಾತ್ರ ಮನೆಮಾತಾಯಿತು, ಬಹುಶಃ ಅದು ವರ್ಷಕ್ಕೊಮ್ಮೆ ಬಾರದೆ ಮತ್ತೆ ಮತ್ತೆ ಕೈಗೆ ಬರುವುದರಿಂದ.

ಇನ್ನೂ ಇತ್ಯರ್ಥವಾಗದ್ದು

ಪಾಲು ದ್ರಾವಿಡ ಬೇರಿನದು ಎಂಬುದು ಬಹುತೇಕ ತೀರ್ಮಾನವಾದ ಸಂಗತಿ. ಪಕು, ಭಜ್ ಹೋಲಿಕೆ ಆಕಸ್ಮಿಕವೆಂದು ಹೇಳಬಹುದೇ ಹೊರತು ಸಾಧಿಸಲಾಗದು; ಆಕಸ್ಮಿಕಕ್ಕೆ ಪುರಾವೆ ಕೊಡುವ ವಿಧಾನವೇ ಇಲ್ಲ. ಪಕಾರ ಉಳಿದದ್ದೇಕೆ ಎಂಬ ಒಗಟಿಗೆ ಉತ್ತರ ಬೇಕಾದರೆ 11ರಿಂದ 16ನೇ ಶತಮಾನದವರೆಗಿನ ಮಂಡ್ಯ, ಮೈಸೂರು ಶಾಸನಗಳಲ್ಲಿ ಭಾಗದ ಅರ್ಥದ ಪಾಲು, ಹಾಲು ರೂಪಗಳನ್ನು ಊರು, ಇಸವಿ ಸಮೇತ ಎಣಿಸಬೇಕು. ನಡುವಿನ ಶತಮಾನಗಳಲ್ಲಿ ಭಾಗದ ಅರ್ಥಕ್ಕೆ ಹಾಲು ಎಂದು ಬರೆದ ಶಾಸನಗಳು ಸಾಕಷ್ಟು ಸಿಕ್ಕರೆ ಮರುಸಾಲದ ವಾದ ಗೆಲ್ಲುತ್ತದೆ, ಒಂದೂ ಸಿಗದಿದ್ದರೆ ಬೇರೆ ಕಾರಣ ಹುಡುಕಬೇಕು. ಶಾಸನ ಸಂಪುಟಗಳು ಅಚ್ಚಾಗಿ ಕೈಗೆ ಸಿಗುವಂತಿರುವಾಗ ಇದು ಅಸಾಧ್ಯದ ಕೆಲಸವಲ್ಲ.

ವಾರಕ್ಕೆ ಬೇಕಾದದ್ದು ಇನ್ನೊಂದು ಬಗೆಯ ಹುಡುಕಾಟ. ಅದು ಮೊದಲು ತಲಕಾಡು ಸೀಮೆಯಲ್ಲಿ ಕಾಣಿಸಿಕೊಳ್ಳುತ್ತದೋ, ತೆಲುಗು ಗಡಿಯ ಕೋಲಾರದ ಕಡೆಯೋ ಎಂಬುದರ ಮೇಲೆ ದಾರಿ ಯಾವುದೆಂದು ತಿಳಿದೀತು. ಏಳು ದಿನದ ವಾರಕ್ಕೂ ತಮಿಳಿನ ವಾರಮ್‌ಗೂ ಸಂಬಂಧವಿದೆಯೇ ಎಂಬ ಪ್ರಶ್ನೆ ಆಮೇಲೂ ಉಳಿಯುತ್ತದೆ. ಗುಡ್ಡೆಯ ವಿಷಯದಲ್ಲಿ ಶಾಸನ ನೆರವಿಗೆ ಬಾರದು. ರಾಮನಗರ, ಮಂಡ್ಯ, ಮೈಸೂರುಗಳಲ್ಲಿ ಗುಡ್ಡೆ ಎಂದರೆ ಪಾಲು. ಯಾವ ಊರಿನ ಗಡಿ ದಾಟಿದರೆ ಅದು ಬರೀ ರಾಶಿಯಾಗುತ್ತದೆ ಎಂದು ಹಳ್ಳಿಹಳ್ಳಿ ಕೇಳಿ ನಕ್ಷೆ ಬರೆಯುವ ಕೆಲಸ ಬಾಕಿ ಇದೆ. ತಕ್ಕಡಿ, ಕಿಲೋ ಲೆಕ್ಕ ಬಂದು ಗುಡ್ಡೆ ಬರೀ ಹೆಸರಾಗಿ ಉಳಿಯುತ್ತಿರುವ ಕಡೆಗಳಲ್ಲಿ ಆ ಕೆಲಸ ಮೊದಲು ಆಗಬೇಕು.